ಸಣ್ಣ ಬೇಟೆಯಲ್ಲಿ ಎರಡನೆಯ ಬಂದೂಕು

ಮೊಲ, ಅಳಿಲು, ಗ್ರೌಸ್, ಕೌಜುಗ, ಬಾತು ಮುಂತಾದ ಚಿಕ್ಕ ಪ್ರಾಣಿಪಕ್ಷಿಗಳನ್ನು ಬೇಟೆಯಾಡಲು ಹೋಗುವವರು ತಮ್ಮ ಮುಖ್ಯ ಬಂದೂಕಿನ ಜೊತೆಗೆ ಮತ್ತೊಂದನ್ನು ಒಯ್ಯುವ ರೂಢಿಯನ್ನು ಸಣ್ಣ ಬೇಟೆಯಲ್ಲಿ ಎರಡನೆಯ ಬಂದೂಕು ಎಂದು ಕರೆಯಬಹುದು. ಈ ರೂಢಿಯು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೆಳೆದು ಬಂದಿದೆ. ಜರ್ಮನಿ, ಬ್ರಿಟನ್ ಮತ್ತು ವಸಾಹತು ಕಾಲದ ಭಾರತದಲ್ಲಿ ಇದು ಬೇರೆ ಬೇರೆ ರೂಪಗಳನ್ನು ತಾಳಿತು. ಎರಡನೆಯ ಆಯುಧವು ಸಾಮಾನ್ಯವಾಗಿ ಸೊಂಟದಲ್ಲಿ ಧರಿಸುವ ಪಿಸ್ತೂಲು ಅಥವಾ ರಿವಾಲ್ವರ್ ಆಗಿರುತ್ತದೆ. ಕೆಲವೊಮ್ಮೆ ಅದು ಹೆಗಲಿಗೆ ತೂಗುಹಾಕಿಕೊಂಡ ರೈಫಲ್ ಆಗಿರುತ್ತದೆ. ಮತ್ತೆ ಕೆಲವೊಮ್ಮೆ ಎರಡು ಬಗೆಯ ನಳಿಗೆಗಳನ್ನು ಒಂದೇ ಹಿಡಿಗೆ ಜೋಡಿಸಿ ಎರಡನೆಯ ಬಂದೂಕಿನ ಅಗತ್ಯವನ್ನೇ ನಿವಾರಿಸಿಕೊಳ್ಳಲಾಗುತ್ತದೆ. ಭಾರತದಲ್ಲಿ ಬೇಟೆಯು ನಿಷಿದ್ಧವಾಗಿರುವುದರಿಂದ ಇಲ್ಲಿ ಈ ವಿಷಯಕ್ಕೆ ಚಾರಿತ್ರಿಕ ಮತ್ತು ಕಾನೂನಿನ ಮಹತ್ತ್ವ ಮಾತ್ರ ಉಳಿದಿದೆ.

ಕಾರಣಗಳು

ಮೊದಲನೆಯ ಕಾರಣವು ಚರೆ ಮತ್ತು ಗುಂಡಿನ ನಡುವಿನ ವ್ಯತ್ಯಾಸದಲ್ಲಿದೆ. ಚರೆ ಹಾರಿಸುವ ಬಂದೂಕು ನೂರಾರು ಸಣ್ಣ ಸೀಸದ ಅಥವಾ ಉಕ್ಕಿನ ಕಾಳುಗಳನ್ನು ಹರಡುತ್ತದೆ. ಹಾರುವ ಹಕ್ಕಿಗೂ ಓಡುವ ಮೊಲಕ್ಕೂ ಇದೇ ತಕ್ಕ ಸಾಧನ. ಆದರೆ ಸುಮಾರು 35–40 ಮೀಟರಿನಾಚೆ ಚರೆಗಳು ಚದುರಿ ಬಲಗುಂದುತ್ತವೆ. ಎತ್ತರದ ಮರದ ಕೊಂಬೆಯಲ್ಲಿ ನಿಶ್ಚಲವಾಗಿ ಕುಳಿತ ಅಳಿಲಿಗೆ .22 ರೈಫಲಿನ ಒಂದೇ ಗುಂಡು ಸಾಕು. ಅದರಿಂದ ಮಾಂಸವೂ ಕೆಡುವುದಿಲ್ಲ. ಅದೇ ಅಳಿಲು ಓಡತೊಡಗಿದರೆ ರೈಫಲ್ ಬಹುಮಟ್ಟಿಗೆ ನಿರುಪಯುಕ್ತ. ಹೀಗಾಗಿ ಅಮೆರಿಕದ ಅಳಿಲು ಬೇಟೆಯಲ್ಲಿ ಇಬ್ಬರು ಜೊತೆಗೂಡಿ ಒಬ್ಬರು .22 ರೈಫಲನ್ನೂ ಇನ್ನೊಬ್ಬರು ಚರೆ ಬಂದೂಕನ್ನೂ ಹಿಡಿದು ಹೋಗುವುದುಂಟು. ಒಬ್ಬಂಟಿಯಾಗಿ ಹೋಗುವವರು ಮಾತ್ರ ಎರಡನ್ನೂ ಹೊರುವ ಯೋಚನೆ ಮಾಡಬೇಕಾಗುತ್ತದೆ.

ಗಾಯಗೊಂಡ ಅಥವಾ ಉರುಳಿಗೆ ಸಿಕ್ಕಿದ ಪ್ರಾಣಿಯ ಯಾತನೆಯನ್ನು ಬೇಗ ಕೊನೆಗಾಣಿಸುವುದು ಎರಡನೆಯ ಕಾರಣ. ತುಪ್ಪಟಕ್ಕಾಗಿ ಉರುಳೊಡ್ಡುವವರು ದಿನವೂ ತಮ್ಮ ಉರುಳುಗಳ ಸಾಲನ್ನು ನೋಡಿಬರುವಾಗ ಕೈಯಲ್ಲಿ ಬೇರೆ ಸಾಮಾನು ಹೊತ್ತಿರುತ್ತಾರೆ. ಅವರಿಗೆ ಉದ್ದನೆಯ ಬಂದೂಕಿಗಿಂತ ಸೊಂಟದ .22 ಪಿಸ್ತೂಲು ಅನುಕೂಲ. ನಾಯಿಗಳು ಮರವೇರಿಸಿದ ರಕೂನಿನ ರಾತ್ರಿ ಬೇಟೆಯಲ್ಲೂ ಇದೇ ಸ್ಥಿತಿ.

ಮೂರನೆಯದು ಆತ್ಮರಕ್ಷಣೆ. ಗ್ರೌಸ್ ಹಕ್ಕಿಯನ್ನು ಅರಸಿ ಅಲಾಸ್ಕಾದ ಪೊದೆಗಳಲ್ಲಿ ಸಾಗುವವರ ಕೈಯಲ್ಲಿರುವ ಹಕ್ಕಿಚರೆಯ ತೋಟೆಯು ಎದುರಾದ ಕಂದು ಕರಡಿಯನ್ನು ತಡೆಯಲಾರದು.

ಕೈಬಂದೂಕುಗಳು

ಈ ಬಳಕೆಯಲ್ಲಿ .22 ಲಾಂಗ್ ರೈಫಲ್ ತೋಟೆಯದೇ ಮೇಲುಗೈ. 1887ರಲ್ಲಿ ಅಮೆರಿಕದ ಜೆ. ಸ್ಟೀವನ್ಸ್ ಸಂಸ್ಥೆಯು ರೂಪಿಸಿದ ಈ ತೋಟೆಯ ಸಾಮಾನ್ಯ ಗುಂಡಿನ ತೂಕ ಸುಮಾರು 2.6 ಗ್ರಾಂ. ಇದು ಅಗ್ಗ, ಹಗುರ, ಸದ್ದೂ ಕಡಿಮೆ. ಐವತ್ತು ತೋಟೆಗಳ ಪೆಟ್ಟಿಗೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಬಹುದು.

ಜಾನ್ ಬ್ರೌನಿಂಗ್ ವಿನ್ಯಾಸವನ್ನು ಆಧರಿಸಿ ಕೋಲ್ಟ್ ಸಂಸ್ಥೆಯು 1915ರಲ್ಲಿ ಮಾರುಕಟ್ಟೆಗೆ ತಂದ .22 ಪಿಸ್ತೂಲಿಗೆ 1927ರಲ್ಲಿ 'ವುಡ್ಸ್‌ಮನ್' ಎಂಬ ಹೆಸರು ಬಂದಿತು. ಕಾಡಿನಲ್ಲಿ ಓಡಾಡುವವರೇ ಅದರ ಗ್ರಾಹಕರು ಎಂಬುದು ಈ ಹೆಸರಿನಿಂದಲೇ ತಿಳಿಯುತ್ತದೆ. ಅದರ ಉತ್ಪಾದನೆ 1977ರವರೆಗೆ ನಡೆಯಿತು. ಸ್ಮಿತ್ ಅಂಡ್ ವೆಸನ್ ಸಂಸ್ಥೆಯ 'ಕಿಟ್ ಗನ್' ಎಂಬ ಪುಟ್ಟ .22 ರಿವಾಲ್ವರ್ 1935ರಲ್ಲಿ ಬಂದಿತು. ಬೇಟೆಗಾರರೋ ಗಾಳ ಹಾಕುವವರೋ ತಮ್ಮ ಸಾಮಾನಿನ ಚೀಲದಲ್ಲಿ, ಅಂದರೆ ಕಿಟ್‌ನಲ್ಲಿ, ಹಾಕಿಕೊಂಡು ಹೋಗಬಹುದಾದದ್ದು ಎಂಬುದೇ ಆ ಹೆಸರಿನ ಅರ್ಥ. ಕಾಲಕ್ರಮದಲ್ಲಿ ಇದು ಒಂದು ಮಾದರಿಯ ಹೆಸರಾಗಿ ಮಾತ್ರ ಉಳಿಯದೆ, ಇಂತಹ ಎಲ್ಲ ಚಿಕ್ಕ ಕೈಬಂದೂಕುಗಳಿಗೂ ಸಲ್ಲುವ ಮಾತಾಯಿತು. ರೂಗರ್ ಸಂಸ್ಥೆಯು 1949ರಲ್ಲಿ ಪಿಸ್ತೂಲನ್ನೂ 1953ರಲ್ಲಿ 'ಸಿಂಗಲ್ ಸಿಕ್ಸ್' ರಿವಾಲ್ವರನ್ನೂ ತಂದ ಮೇಲೆ ಇವು ಸಾಮಾನ್ಯ ಕೂಲಿಕಾರರ ಕೈಗೂ ಎಟಕುವಂತಾದವು.

ಒಂದೇ ಬಂದೂಕಿನಲ್ಲಿ ಎರಡು

ಎರಡು ಬಂದೂಕುಗಳನ್ನು ಹೊರುವ ಕಷ್ಟಕ್ಕೆ ತಯಾರಕರು ಕಂಡುಕೊಂಡ ಪರಿಹಾರವೇ ಮಿಶ್ರ ನಳಿಗೆಯ ಬಂದೂಕು. ಈ ವಿಷಯದಲ್ಲಿ ಜರ್ಮನ್ ಭಾಷಿಕ ದೇಶಗಳ ಕಸಬುದಾರಿಕೆ ಹೆಸರುವಾಸಿಯಾದುದು. ಅಲ್ಲಿಯ 'ಡ್ರಿಲ್ಲಿಂಗ್' ಮೂರು ನಳಿಗೆಗಳ ಬಂದೂಕು. ಬಹುತೇಕ ಮಾದರಿಗಳಲ್ಲಿ ಮೇಲೆ ಚರೆಯ ಎರಡು ನಳಿಗೆಗಳು ಅಕ್ಕಪಕ್ಕದಲ್ಲಿದ್ದು ಅವುಗಳ ಕೆಳಗೆ ರೈಫಲಿನ ಒಂದು ನಳಿಗೆ ಇರುತ್ತದೆ. ಮೊಲಕ್ಕೆಂದು ಹೊರಟವರ ಎದುರು ಕಾಡುಹಂದಿ ಬಂದರೆ, ಒಂದು ಗುಂಡಿ ಸರಿಸುವಷ್ಟರಲ್ಲಿ ಕುದುರೆಯು ರೈಫಲ್ ನಳಿಗೆಗೆ ಜೋಡಣೆಯಾಗುತ್ತದೆ. ಇನ್ನೂ ಮುಂದುವರಿದು, ಚರೆಯ ನಳಿಗೆಯೊಳಗೆ ಕೂರಿಸುವ .22ರಂತಹ ಸಣ್ಣ ಒಳನಳಿಗೆಗಳೂ ಅಲ್ಲಿ ಬಳಕೆಯಲ್ಲಿವೆ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮೇಲೆ ಹಾರುತ್ತಿದ್ದ ಜರ್ಮನ್ ವಾಯುಪಡೆಯ ಸಿಬ್ಬಂದಿಗೆ ಸಾವರ್ ಸಂಸ್ಥೆಯ 'ಎಂ 30' ಡ್ರಿಲ್ಲಿಂಗನ್ನು ಬದುಕುಳಿಯುವ ಸಾಧನವಾಗಿ ಕೊಡಲಾಗಿತ್ತು. 12 ಬೋರಿನ ಎರಡು ನಳಿಗೆಗಳೂ 9.3 ಮಿಲಿಮೀಟರಿನ ಒಂದು ರೈಫಲ್ ನಳಿಗೆಯೂ ಅದರಲ್ಲಿದ್ದವು.

ಅಮೆರಿಕದಲ್ಲಿ ಮಿಶಿಗನ್ ರಾಜ್ಯದ ಗ್ಲ್ಯಾಡ್‌ಸ್ಟನ್ ಊರಿನ ಮಾರ್ಬಲ್ ಸಂಸ್ಥೆಯು 1908ರಲ್ಲಿ 'ಗೇಮ್ ಗೆಟರ್' ಎಂಬ ಮಡಚುವ ಹಿಡಿಯ ಬಂದೂಕನ್ನು ಹೊರತಂದಿತು. ಮೇಲೆ .22 ನಳಿಗೆ, ಕೆಳಗೆ ಚರೆಗೂ ದುಂಡು ಗುಂಡಿಗೂ ಒಗ್ಗುವ .44 ನುಣುಪು ನಳಿಗೆ. 1934ರ ರಾಷ್ಟ್ರೀಯ ಬಂದೂಕು ಕಾಯಿದೆಯು ಕಿರುನಳಿಗೆಯ ಆಯುಧಗಳ ಮೇಲೆ ನೋಂದಣಿ ಹಾಗೂ ತೆರಿಗೆಯನ್ನು ಹೇರಿದಾಗ ಇದರ ಗಿಡ್ಡ ಮಾದರಿಗಳೂ ಆ ಬಲೆಗೆ ಬಿದ್ದವು. ದರೋಡೆಕೋರರ ಗುಂಪುಗಳನ್ನು ಗುರಿಯಾಗಿಟ್ಟುಕೊಂಡಿದ್ದ ಕಾನೂನು ಉರುಳೊಡ್ಡುವವರ ನಿರುಪದ್ರವಿ ಸಾಧನವೊಂದನ್ನು ಮಾರುಕಟ್ಟೆಯಿಂದ ತಳ್ಳಿದ ಉದಾಹರಣೆಯಿದು. ಅದರ ಸ್ಥಾನವನ್ನು ಮುಂದೆ .22 ಮತ್ತು .410 ನಳಿಗೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟೀವನ್ಸ್ ಮತ್ತು ಸ್ಯಾವೇಜ್ ಸಂಸ್ಥೆಗಳ ಪೂರ್ಣ ಉದ್ದದ ಬಂದೂಕುಗಳು ತುಂಬಿದವು. 'ಸ್ಯಾವೇಜ್ 24' ಅವುಗಳಲ್ಲಿ ಬಹಳ ಜನಪ್ರಿಯವಾದದ್ದು. ಅಮೆರಿಕದ ವಾಯುಪಡೆಯ 'ಎಂ 6' ಇದೇ ಕಲ್ಪನೆಯ ಸೈನಿಕ ರೂಪ. ದಪ್ಪ ಕೈಗವಸು ತೊಟ್ಟವರೂ ಒತ್ತಲು ಆಗುವಂತೆ ಅದಕ್ಕೆ ಸಾಧಾರಣ ಕುದುರೆಯ ಬದಲು ಅಗಲವಾದ ಹಿಡಿಕೆಯಿತ್ತು.

ಈ ವಂಶದ ವಿಚಿತ್ರ ಸದಸ್ಯವೆಂದರೆ ಸೋವಿಯತ್ ಗಗನಯಾತ್ರಿಗಳ 'ಟಿಪಿ 82' ಪಿಸ್ತೂಲು. 1965ರಲ್ಲಿ ವಸ್ಕೋದ್ 2 ನೌಕೆಯು ಗುರಿ ತಪ್ಪಿ ಪೆರ್ಮ್ ಪ್ರದೇಶದ ಹಿಮಾವೃತ ಕಾಡಿನಲ್ಲಿ ಇಳಿದಾಗ ಅಲೆಕ್ಸೇಯ್ ಲಿಯೊನೋವ್ ಮತ್ತು ಪಾವೆಲ್ ಬೆಲ್ಯಾಯೆವ್ ಅಲ್ಲಿಯೇ ರಾತ್ರಿ ಕಳೆಯಬೇಕಾಯಿತು. ಆ ಅನುಭವದ ಫಲವಾಗಿ ರೂಪುಗೊಂಡ ಈ ಆಯುಧದಲ್ಲಿ ಹಕ್ಕಿಗಳಿಗೆ ಚರೆಯ ಎರಡು ನಳಿಗೆಗಳೂ ದೊಡ್ಡ ಪ್ರಾಣಿಗಳಿಗೆ ಗುಂಡಿನ ಒಂದು ನಳಿಗೆಯೂ ಇದ್ದವು. ಕಳಚಬಹುದಾದ ಅದರ ಹಿಡಿಯು ಮಚ್ಚಿನ ಕೆಲಸವನ್ನೂ ಮಾಡುತ್ತಿತ್ತು.

ಬ್ರಿಟನ್ನಿನ ಜೋಡಿ ಬಂದೂಕುಗಳು

ಬ್ರಿಟನ್ನಿನಲ್ಲಿ ಎರಡನೆಯ ಬಂದೂಕಿಗೆ ಸಂಪೂರ್ಣ ಬೇರೆಯೇ ಅರ್ಥವಿದೆ. ಅಲ್ಲಿಯ ಸೋಹು ಬೇಟೆಯಲ್ಲಿ ಬೇಟೆಗಾರರು ನಿಂತಲ್ಲೇ ನಿಲ್ಲುತ್ತಾರೆ. ಸೋಹುವವರು ಗ್ರೌಸ್ ಅಥವಾ ಫೆಸೆಂಟ್ ಹಕ್ಕಿಗಳನ್ನು ಎಬ್ಬಿಸಿ ಅವರ ತಲೆಯ ಮೇಲೆ ಹಾರಿಸುತ್ತಾರೆ. ಹಕ್ಕಿಗಳು ಒಮ್ಮೆಲೇ ಹಿಂಡುಹಿಂಡಾಗಿ ಬರುವುದರಿಂದ ಜೋಡುನಳಿಗೆಯನ್ನು ಬರಿದು ಮಾಡಿ ಮತ್ತೆ ತುಂಬಲು ವ್ಯವಧಾನವಿರುವುದಿಲ್ಲ. ಆದ್ದರಿಂದ ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್ ಮೊದಲಾದ ತಯಾರಕರು ತೂಕ, ಉದ್ದ, ಹಿಡಿಯ ಬಾಗು ಎಲ್ಲದರಲ್ಲೂ ಒಂದನ್ನೊಂದು ಹೋಲುವ ಜೋಡಿ ಬಂದೂಕುಗಳನ್ನು ಮಾಡಿ 1, 2 ಎಂದು ಸಂಖ್ಯೆ ಕೆತ್ತಿಕೊಡುತ್ತಿದ್ದರು. ಬೇಟೆಗಾರರ ಹಿಂದೆ ನಿಂತ ತುಂಬುಗನು ಖಾಲಿಯಾದುದನ್ನು ಪಡೆದು ತುಂಬಿದುದನ್ನು ಕೊಡುತ್ತಿದ್ದನು. ಎರಡನೆಯ ರಿಪನ್ ಮಾರ್ಕ್ವಿಸ್ ಮೂರು ಬಂದೂಕು ಮತ್ತು ಇಬ್ಬರು ತುಂಬುಗರೊಂದಿಗೆ ಬೇಟೆಯಾಡುತ್ತಿದ್ದ ವೇಗಕ್ಕೆ ಹೆಸರಾಗಿದ್ದರು. ಅವರು 1923ರ ಸೆಪ್ಟೆಂಬರಿನಲ್ಲಿ ಗ್ರೌಸ್ ಬೇಟೆಯ ಬಯಲಿನಲ್ಲೇ ಕೊನೆಯುಸಿರೆಳೆದರು.

ಪ್ಯಾರಡಾಕ್ಸ್ ಮತ್ತು ಭಾರತದ ಶಿಕಾರಿ

ವಸಾಹತು ಕಾಲದ ಭಾರತದಲ್ಲಿ ಕಾಡುಕೋಳಿಗೆಂದು ಹೋದವರಿಗೆ ಚಿರತೆಯೋ ಕರಡಿಯೋ ಎದುರಾಗುವುದು ಅಪರೂಪವಾಗಿರಲಿಲ್ಲ. ಅನುಕೂಲಸ್ಥ ಶಿಕಾರಿಗಳು ಭಾರಿ ರೈಫಲನ್ನು ಹಿಡಿದ ಆಳನ್ನು ತಮ್ಮ ಹಿಂದೆ ನಡೆಸಿಕೊಂಡು ಹೋಗುತ್ತಿದ್ದರು. ಈ ಏರ್ಪಾಡಿನ ದೋಷವು ಸ್ಪಷ್ಟವಾಗಿದೆ: ಪ್ರಾಣಿಯು ಮೇಲೆ ಬಿದ್ದ ಕ್ಷಣದಲ್ಲಿ ರೈಫಲ್ ಮತ್ತೊಬ್ಬನ ಕೈಯಲ್ಲಿರುತ್ತದೆ; ಆ ಮತ್ತೊಬ್ಬನು, ಅವನ ತಪ್ಪೇನೂ ಇಲ್ಲದೆ, ಮರವೇರಿರುವ ಸಂಭವವೇ ಹೆಚ್ಚು. ಕೂಲಿಗಾಗಿ ಬಂದ ಆ ಆಳಿನ ಪ್ರಾಣಕ್ಕೆ ಇದ್ದ ಅಪಾಯವನ್ನು ಶಿಕಾರಿ ಕಥನಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಭಾರತದಲ್ಲಿ ಸೇವೆ ಸಲ್ಲಿಸಿದ್ದ ಬ್ರಿಟಿಷ್ ಸೈನ್ಯಾಧಿಕಾರಿ ಜಾರ್ಜ್ ವಿನ್ಸೆಂಟ್ ಫಾಸ್ಬರಿ 1885ರಲ್ಲಿ ಪೇಟೆಂಟ್ ಪಡೆದ ಉಪಾಯವು ಈ ಸಮಸ್ಯೆಗೆ ಉತ್ತರವಾಗಿತ್ತು. ನುಣುಪು ನಳಿಗೆಯ ತುದಿಯ ಕೆಲವೇ ಅಂಗುಲಗಳಲ್ಲಿ ಮಾತ್ರ ಸುರುಳಿಗೆರೆಗಳನ್ನು ಕೊರೆದರೆ, ಅದೇ ನಳಿಗೆಯಿಂದ ಚರೆಯನ್ನೂ ಭಾರವಾದ ಗುಂಡನ್ನೂ ಹಾರಿಸಬಹುದೆಂದು ಅವರು ತೋರಿಸಿದರು. ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯು ಇದನ್ನು 'ಪ್ಯಾರಡಾಕ್ಸ್' ಎಂಬ ಹೆಸರಿನಲ್ಲಿ ತಯಾರಿಸಿತು. ಸುಮಾರು ನೂರು ಗಜದವರೆಗೆ ಅದರ ಗುಂಡು ನಂಬಿಕೆಗೆ ಅರ್ಹವಾಗಿತ್ತು. ದಟ್ಟ ಕಾಡಿನಲ್ಲಿ ಅದಕ್ಕಿಂತ ದೂರ ಕಾಣುವುದೂ ಕಡಿಮೆ. ಇಂತಹ ದುಬಾರಿ ಬಂದೂಕನ್ನು ಕೊಳ್ಳಲಾರದವರು ಸಾಮಾನ್ಯ ಜೋಡುನಳಿಗೆ ಕೋವಿಯ ಒಂದು ನಳಿಗೆಗೆ ಚರೆ ತೋಟೆಯನ್ನೂ ಮತ್ತೊಂದಕ್ಕೆ ಗುಂಡಿನ ತೋಟೆಯನ್ನೂ ಹಾಕಿಕೊಳ್ಳುತ್ತಿದ್ದರು.

ಕರಡಿ ಪ್ರದೇಶಗಳು

ಉತ್ತರ ಅಮೆರಿಕದಲ್ಲಿ ಕರಡಿಯ ಭಯದಿಂದ ಒಯ್ಯುವ ಎರಡನೆಯ ಆಯುಧವು ಸಾಮಾನ್ಯವಾಗಿ ಹೆಚ್ಚು ಬಲದ ರಿವಾಲ್ವರ್ ಆಗಿರುತ್ತದೆ, 1955ರಲ್ಲಿ ಬಂದ.44 ಮ್ಯಾಗ್ನಂ ಇವುಗಳಲ್ಲಿ ಪ್ರಸಿದ್ಧವಾದುದು. ಇದು ಎಷ್ಟರಮಟ್ಟಿಗೆ ರಕ್ಷಣೆ ನೀಡುತ್ತದೆ ಎಂಬುದು ಚರ್ಚಾಸ್ಪದ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಅಲಾಸ್ಕಾದಲ್ಲಿ 1985ರಿಂದ 2006ರವರೆಗೆ ಮೆಣಸಿನ ಸಿಂಪರಣೆಯನ್ನು ಬಳಸಿದ ಪ್ರಸಂಗಗಳನ್ನು ಪರಿಶೀಲಿಸಿತು. ಕಂದು ಕರಡಿಗಳ ವಿಷಯದಲ್ಲಿ ಶೇಕಡ 92ರಷ್ಟು ಸಂದರ್ಭಗಳಲ್ಲಿ ಅದು ಕರಡಿಯ ಅನಪೇಕ್ಷಿತ ವರ್ತನೆಯನ್ನು ತಡೆದಿತ್ತು. ಬಂದೂಕುಗಳನ್ನು ಕುರಿತ 2012ರ ಅಧ್ಯಯನದಲ್ಲಿ 1883ರಿಂದ 2009ರವರೆಗಿನ 269 ಪ್ರಸಂಗಗಳಿದ್ದವು. ಕೈಬಂದೂಕುಗಳು ಶೇಕಡ 84ರಷ್ಟೂ ಉದ್ದ ಬಂದೂಕುಗಳು ಶೇಕಡ 76ರಷ್ಟೂ ಫಲಕಾರಿಯಾಗಿದ್ದವು. ಬಂದೂಕು ಇದ್ದೂ ಹಾರಿಸದವರಿಗೂ ಹಾರಿಸಿದವರಿಗೂ ಗಾಯಗಳ ಪ್ರಮಾಣದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಎರಡು ಅಧ್ಯಯನಗಳ ಪ್ರಸಂಗಗಳು ಒಂದೇ ಬಗೆಯವಲ್ಲವಾದ್ದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ಕೈಗೆ ಎರಡನೆಯ ಬಂದೂಕು ಸಿಗುವಷ್ಟು ಸಮಯ ಕರಡಿಯು ಕೊಡುವುದು ಅಪರೂಪ ಎಂಬುದನ್ನು ಇಂತಹ ವರದಿಗಳು ಮತ್ತೆ ಮತ್ತೆ ತೋರಿಸುತ್ತವೆ. ಹಕ್ಕಿ ಬೇಟೆಯಲ್ಲಿ ಎರಡು ಕೈಗಳೂ ಮೊದಲ ಬಂದೂಕಿನ ಮೇಲೆಯೇ ಇರುತ್ತವೆ.

ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸ್ತೋಮದಲ್ಲಿ ಜನವಸತಿಯಿಂದ ಹೊರಗೆ ಹೋಗುವವರು ಹಿಮಕರಡಿಯನ್ನು ಬೆದರಿಸಿ ಓಡಿಸಲು ತಕ್ಕ ಸಾಧನವನ್ನು ಹೊಂದಿರಬೇಕೆಂಬ ನಿಯಮವಿದೆ. ಹಿಮಕರಡಿಯು ಅಲ್ಲಿ 1973ರಿಂದ ಸಂರಕ್ಷಿತ ಪ್ರಾಣಿ. ಆದ್ದರಿಂದ ಬಂದೂಕು ಇರುವುದು ಕೊನೆಯ ಉಪಾಯಕ್ಕಾಗಿ ಮಾತ್ರ.

ಕಾನೂನು

ಅಮೆರಿಕದಲ್ಲಿ ಬೇಟೆಯ ನಿಯಮಗಳನ್ನು ಬಹುತೇಕ ರಾಜ್ಯಗಳೇ ರೂಪಿಸುತ್ತವೆ. ಆತ್ಮರಕ್ಷಣೆಗೆ ಕೈಬಂದೂಕನ್ನು ಧರಿಸುವ ಹಕ್ಕು ಬೇರೆ, ಅದರಿಂದ ಬೇಟೆಯಾಡುವ ಅನುಮತಿ ಬೇರೆ. ಒಂದಿದ್ದರೆ ಇನ್ನೊಂದು ಇದ್ದಂತೆ ಎಂದು ತಿಳಿಯುವುದರಿಂದ ಅನೇಕರು ದಂಡ ತೆರುತ್ತಾರೆ. ಬಿಲ್ಲುಬಾಣಗಳಿಗೆಂದೇ ಮೀಸಲಾದ ಅವಧಿಯಲ್ಲಿ ಬಂದೂಕು ಇಟ್ಟುಕೊಳ್ಳುವುದನ್ನೇ ಕೆಲವು ರಾಜ್ಯಗಳು ನಿರ್ಬಂಧಿಸುತ್ತವೆ. ಜಿಂಕೆಯ ಬೇಟೆ ಮುಚ್ಚಿದ ಕಾಲದಲ್ಲಿ ಮೊಲದ ಬೇಟೆಗಾರರ ಬಳಿ ದೊಡ್ಡ ರೈಫಲ್ ಕಂಡರೆ ಅಧಿಕಾರಿಗಳಿಗೆ ಸಂಶಯ ಮೂಡುವುದು ಸಹಜವೇ.

ವಲಸೆ ಹಕ್ಕಿಗಳ ವಿಷಯದಲ್ಲಿ ಒಕ್ಕೂಟ ಸರ್ಕಾರದ ನಿಯಮಗಳೇ ಅನ್ವಯಿಸುತ್ತವೆ. ಬಾತು, ಹೆಬ್ಬಾತುಗಳನ್ನು ರೈಫಲ್ ಅಥವಾ ಪಿಸ್ತೂಲಿನಿಂದ ಕೊಲ್ಲುವಂತಿಲ್ಲ. ಚರೆ ಬಂದೂಕು 10 ಬೋರಿಗಿಂತ ದೊಡ್ಡದಿರಕೂಡದು ಮತ್ತು ಅದರಲ್ಲಿ ಸಾಮಾನ್ಯವಾಗಿ ಮೂರಕ್ಕಿಂತ ಹೆಚ್ಚು ತೋಟೆಗಳು ಹಿಡಿಯಕೂಡದು. ಹೀಗಾಗಿ ನೀರಿನಲ್ಲಿ ಬಿದ್ದು ಒದ್ದಾಡುವ ಬಾತನ್ನು ಸೊಂಟದ .22ರಿಂದ ಮುಗಿಸುವುದೂ ಅಪರಾಧವೇ. 1991ರಿಂದ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆ ದೇಶದಾದ್ಯಂತ ನಿಷಿದ್ಧವಾಗಿದೆ. ಹಾರಿಸುವುದಷ್ಟೇ ಅಲ್ಲ, ಆ ಬೇಟೆಯ ವೇಳೆ ಸೀಸದ ಚರೆಯ ತೋಟೆಗಳನ್ನು ಬಳಿಯಲ್ಲಿ ಇಟ್ಟುಕೊಳ್ಳುವುದಕ್ಕೂ ಅವಕಾಶವಿಲ್ಲ. ಮೊಲಕ್ಕೆಂದು ಜೇಬಿನಲ್ಲಿ ಉಳಿದ ಎರಡು ತೋಟೆಗಳೂ ತೊಂದರೆಗೆ ಸಾಕು. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರುವರಿ 22ರಿಂದ ಆಯಾ ರಾಜ್ಯದ ಕಾನೂನಿಗೆ ಅನುಗುಣವಾಗಿ ಬಂದೂಕು ಇಟ್ಟುಕೊಳ್ಳಬಹುದಾದರೂ ಅವುಗಳಲ್ಲಿ ಬಹುಪಾಲು ಕಡೆ ಬೇಟೆಗೆ ಅನುಮತಿಯಿಲ್ಲ.

ಜರ್ಮನಿಯ ಬೇಟೆ ಕಾಯಿದೆಯು ಹೆಚ್ಚು ನಿಖರವಾದುದು. ಪಿಸ್ತೂಲು ಅಥವಾ ರಿವಾಲ್ವರಿನಿಂದ ಬೇಟೆಯಾಡುವುದನ್ನು ಅದು ನಿಷೇಧಿಸಿ, ಬಿಲದ ಮತ್ತು ಬೋನಿನ ಬೇಟೆಗೆ ಹಾಗೂ ಗಾಯಗೊಂಡ ಪ್ರಾಣಿಗೆ ಕೊನೆಯ ಗುಂಡು ಹಾಕುವುದಕ್ಕೆ ವಿನಾಯಿತಿ ನೀಡುತ್ತದೆ. ಕೊನೆಯ ಗುಂಡಿಗೆ ನಳಿಗೆಯ ಬಾಯಲ್ಲಿ ಕನಿಷ್ಠ 200 ಜೂಲ್ ಶಕ್ತಿ ಇರಬೇಕು, ಸಾಧಾರಣ.22 ಪಿಸ್ತೂಲು ಈ ಮಿತಿಯನ್ನು ಮುಟ್ಟುವುದಿಲ್ಲ. ವಾರ್ಷಿಕ ಬೇಟೆ ಪರವಾನಗಿ ಇರುವವರು ಪ್ರತ್ಯೇಕ ಕಾರಣ ತೋರದೆ ಎರಡು ಕೈಬಂದೂಕುಗಳನ್ನು ಹೊಂದಬಹುದು. ಬ್ರಿಟನ್ನಿನಲ್ಲಿ 1997ರ ತಿದ್ದುಪಡಿಗಳ ನಂತರ ಕೈಬಂದೂಕುಗಳಿಗೆ ತೀರ ಸೀಮಿತ ವಿನಾಯಿತಿಗಳಷ್ಟೇ ಉಳಿದಿವೆ.

ಸುರಕ್ಷತೆ

ಎರಡನೆಯ ಬಂದೂಕು ಎಂದರೆ ಅದರ ತೂಕದ ಜೊತೆಗೆ ಎಚ್ಚರ ವಹಿಸಬೇಕಾದ ಇನ್ನೊಂದು ನಳಿಗೆಯೂ ಹೌದು. ಒಂದನ್ನು ಗುರಿಯಿಡುವಾಗ ಹೆಗಲಿನ ಮತ್ತೊಂದರ ಬಾಯಿ ಯಾವ ಕಡೆಗಿದೆ ಎಂಬುದು ಮರೆತುಹೋಗುತ್ತದೆ. ಬೇಲಿ ದಾಟುವಾಗ ಎರಡನ್ನೂ ಬರಿದು ಮಾಡಿ, ಅತ್ತ ಇರಿಸಿ, ಬಳಿಕ ದಾಟಬೇಕು. ಒಂದೇ ಬಂದೂಕಿಗೆ ಈ ಶಿಸ್ತನ್ನು ಪಾಲಿಸದವರು ಎರಡಕ್ಕೆ ಪಾಲಿಸುವ ಸಾಧ್ಯತೆ ಇನ್ನೂ ಕಡಿಮೆ.

ಇಲ್ಲಿ ತೋಟೆಗಳ ಅದಲುಬದಲಿನಷ್ಟು ಭಯಂಕರವಾದುದು ಬೇರೊಂದಿಲ್ಲ. 20 ಬೋರಿನ ತೋಟೆಯನ್ನು ತಪ್ಪಿ 12 ಬೋರಿನ ಬಂದೂಕಿಗೆ ಹಾಕಿದರೆ ಅದು ತೋಟೆಗೂಡಿನಲ್ಲಿ ನಿಲ್ಲದೆ ಜಾರಿ ನಳಿಗೆಯ ಕಿರಿದಾಗುವ ಭಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಕುದುರೆ ಎಳೆದಾಗ ಏನೂ ಆಗುವುದಿಲ್ಲ. ತೋಟೆ ಹಾಕುವುದನ್ನೇ ಮರೆತೆನೆಂದು ಭಾವಿಸಿದವರು ಅದರ ಹಿಂದೆ 12 ಬೋರಿನ ತೋಟೆಯನ್ನು ಸಲೀಸಾಗಿ ಹಾಕಬಹುದು. ಈ ಸಲ ಕುದುರೆ ಎಳೆದಾಗ ನಳಿಗೆಯು ಸಾಮಾನ್ಯವಾಗಿ ಬಂದೂಕನ್ನು ಆಧರಿಸಿದ ಎಡಗೈಯ ಹತ್ತಿರವೇ ಸಿಡಿಯುತ್ತದೆ. ಬೆರಳುಗಳನ್ನೂ ಕಣ್ಣುಗಳನ್ನೂ ಕಳೆದುಕೊಂಡವರಿದ್ದಾರೆ. ಈ ಕಾರಣದಿಂದಲೇ ಅಮೆರಿಕದ ತಯಾರಕರು 20 ಬೋರಿನ ತೋಟೆಗಳಿಗೆ ಹಳದಿ ಬಣ್ಣವನ್ನು ನಿಗದಿಪಡಿಸಿಕೊಂಡಿದ್ದಾರೆ. ಎರಡು ಬೋರಿನ ತೋಟೆಗಳನ್ನು ಎಂದಿಗೂ ಒಂದೇ ಜೇಬಿನಲ್ಲಿ, ಸಾಧ್ಯವಾದರೆ ಒಂದೇ ಪಯಣದಲ್ಲಿ, ಬೆರೆಸದಿರುವುದು ಉತ್ತಮ.

ಹಳೆಯ ಮಾದರಿಯ ಸಿಂಗಲ್ ಆ್ಯಕ್ಷನ್ ರಿವಾಲ್ವರುಗಳಲ್ಲಿ ಹ್ಯಾಮರಿನ ಮೊನೆಯು ತೋಟೆಯ ಬುಡಕ್ಕೆ ತಗುಲಿಕೊಂಡಿರುತ್ತದೆ. ಕಲ್ಲಿನ ಮೇಲೆ ಬಿದ್ದರೆ ತಾನಾಗಿಯೇ ಹಾರಬಹುದು. ಆದ್ದರಿಂದ ಆರು ಗೂಡುಗಳಲ್ಲಿ ಐದನ್ನು ಮಾತ್ರ ತುಂಬಿ ಹ್ಯಾಮರನ್ನು ಖಾಲಿ ಗೂಡಿನ ಮೇಲೆ ಇಳಿಸಿಡುವುದು ಬಹುಕಾಲದ ನಿಯಮ. ರೂಗರ್ ಸಂಸ್ಥೆಯು 1973ರಲ್ಲಿ ಈ ದೋಷವಿಲ್ಲದ ಹೊಸ ರಚನೆಯನ್ನು ತಂದಿತು. ಹಳೆಯವುಗಳಿಗೆ ಮುಂದೆ ಉಚಿತವಾಗಿ ಭಾಗ ಬದಲಿಸಿಕೊಡುವ ವ್ಯವಸ್ಥೆಯನ್ನೂ ಮಾಡಿತು.

.22 ಗುಂಡು ಚಿಕ್ಕದೆಂಬ ತಾತ್ಸಾರವೂ ಅಪಾಯಕಾರಿ. ಅದು ಎರಡು ಕಿಲೋಮೀಟರಿಗೂ ಹೆಚ್ಚು ದೂರ ಸಾಗಬಲ್ಲದು. ಕಲ್ಲು, ನೀರುಗಳಿಗೆ ತಗುಲಿ ಸುಲಭವಾಗಿ ದಿಕ್ಕು ಬದಲಿಸುತ್ತದೆ. ಹಕ್ಕಿಚರೆಯು ಕೆಲವು ನೂರು ಮೀಟರಿನೊಳಗೆ ನೆಲಕ್ಕೆ ಬೀಳುತ್ತದೆ. ಚರೆಯ ಅಭ್ಯಾಸದಿಂದ ಬಂದೂಕನ್ನು ಆಕಾಶಕ್ಕೆತ್ತಿ ಹಾರಿಸುವವರು ರೈಫಲ್ ನಳಿಗೆಯಿಂದಲೂ ಹಾಗೆಯೇ ಹಾರಿಸಿದರೆ ಆ ಗುಂಡು ಎಲ್ಲಿ ಬೀಳುವುದೆಂಬುದು ಅವರಿಗೆ ತಿಳಿಯುವುದಿಲ್ಲ. ಮಿಶ್ರ ನಳಿಗೆಯ ಬಂದೂಕುಗಳಲ್ಲಿ ಈ ಅಪಾಯವು ಅಡಗಿಯೇ ಇದೆ.

ಭಾರತದಲ್ಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೂಲರೂಪದಲ್ಲಿ ವಿಶೇಷ ಬೇಟೆ, ದೊಡ್ಡ ಬೇಟೆ ಮತ್ತು ಸಣ್ಣ ಬೇಟೆ ಎಂದು ವಿಂಗಡಿಸಿ ಪ್ರತ್ಯೇಕ ಪರವಾನಗಿಗಳಿಗೆ ಅವಕಾಶವಿತ್ತಿತ್ತು. 1991ರ ತಿದ್ದುಪಡಿಯು ಈ ಪರವಾನಗಿ ವ್ಯವಸ್ಥೆಯನ್ನು ತೆಗೆದುಹಾಕಿತು. ಸದುದ್ದೇಶದಿಂದ ಪ್ರಾಣರಕ್ಷಣೆಗಾಗಿ ವನ್ಯಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ; ಆದರೆ ಆಗ ಆ ವ್ಯಕ್ತಿಯು ಕಾಯಿದೆಯನ್ನು ಉಲ್ಲಂಘಿಸುವ ಕೆಲಸದಲ್ಲಿ ತೊಡಗಿದ್ದರೆ ಈ ರಕ್ಷಣೆ ದೊರೆಯುವುದಿಲ್ಲ. ಮೊಲಕ್ಕೆ ಹೊಂಚಿ ಕುಳಿತವರು ಎದುರಾದ ಕರಡಿಯನ್ನು ಎರಡನೆಯ ಕೋವಿಯಿಂದ ಕೊಂದು ಆತ್ಮರಕ್ಷಣೆಯೆಂದು ವಾದಿಸಲಾಗದು.

1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಒಬ್ಬರು ಮೂರು ಬಂದೂಕುಗಳವರೆಗೆ ಹೊಂದಬಹುದಾಗಿತ್ತು. 2019ರ ತಿದ್ದುಪಡಿಯು ಈ ಸಂಖ್ಯೆಯನ್ನು ಎರಡಕ್ಕೆ ಇಳಿಸಿತು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿ ಪಡೆಯುವುದರಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಈ ವಿನಾಯಿತಿಯು ಆಯುಧವನ್ನು ಹೊಂದುವುದಕ್ಕೆ ಸಂಬಂಧಿಸಿದ್ದು; ಬೇಟೆಯ ನಿಷೇಧವು ಕೊಡಗಿಗೂ ಸಮಾನವಾಗಿ ಅನ್ವಯಿಸುತ್ತದೆ. ಮಲೆನಾಡಿನ ರೈತರು ಬೆಳೆ ರಕ್ಷಣೆಗೆಂದು ಪಡೆದಿರುವ ಕೋವಿಗಳಿಗೂ ಇದೇ ಮಾತು ಸಲ್ಲುತ್ತದೆ. ಚುನಾವಣೆ ಘೋಷಣೆಯಾದಾಗ ಪರವಾನಗಿಯ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವಂತೆ ಜಿಲ್ಲಾಡಳಿತಗಳು ಸೂಚಿಸುತ್ತವೆ. ಆ ವಾರಗಳಲ್ಲಿ ಹಂದಿ, ಮಂಗಗಳ ಹಾವಳಿಗೆ ರೈತರ ಬಳಿ ಉಳಿಯುವುದು ಪಟಾಕಿ ಮತ್ತು ತಮಟೆ ಮಾತ್ರ.